ಮುನ್ನೂರು ರೂಪಾಯಿ ಡಿವಿಡಿ ರೈಟರು, ನಾಕ್ ಆರ್‌ಡಬ್ಲ್ಯೂ ಡಿಸ್ಕು, ಹನ್ನೆರಡು ದಿನದ ತಲಿಬ್ಯಾನಿ

ಈ ಕಾಲದಾಗ ಸಿಡಿ ಯಾರ್ ಹೊಡಸ್ತಾರ ಮಾರಾಯಾ ಅಂತ ಕೇಳವ್ರು ಒಂದ್ ಸಲ ಬಾಗಲಕೋಟಿ ನವನಗರಕ್ಕ ಬಂದು ಕೋರ್ಟ್ ಕಡೆ ಯಾವದರ ಝೆರಾಕ್ಸ್ ಅಂಗಡಿ ಮುಂದ ಅರ್ಧಾ ತಾಸು ನಿಂದರ್ರಿ. ಸಿಸಿ ಕ್ಯಾಮೆರಾ ಫೂಟೇಜು, ಮೊಬೈಲ್‌ನ್ಯಾಗ ರೆಕಾರ್ಡ್ ಆದ ಮಾತು, ಹೊಲದ ಬದುವಿನ ಜಗಳದ ಫೋಟೋ, ಎಲ್ಲಾ ಇನ್ನೂ ಡಿಸ್ಕಿನ್ಯಾಗ ಹಾಕಿ ಕೊಡ್ತಾರ. ಇಂಥಾ ಡಿಸ್ಕಿನ ಜೋಡಿ ಕೋರ್ಟಿಗೆ ಕೊಡೂ ಸರ್ಟಿಫಿಕೇಟಿಗೆ ಮೊದ್ಲ 65ಬಿ ಸರ್ಟಿಫಿಕೇಟ್ ಅಂತಿದ್ರು, 2024ರ ಜುಲೈ 1ರಿಂದ ಹೊಸಾ ಸಾಕ್ಷ್ಯ ಕಾಯ್ದೆ ಬಂದ ಮ್ಯಾಲ 63ನೇ ಕಲಂ ಸರ್ಟಿಫಿಕೇಟ್ ಅಂತಾರ, ಅದರಾಗ ಹ್ಯಾಶ್ ನಂಬರ್ (ಫೈಲಿನ ಬೆರಳಚ್ಚು ಇದ್ದಂಗ, ಒಳಗ ಒಂಚೂರು ಬದಲಾದ್ರೂ ಈ ನಂಬರ್ ಬದಲಾಗತೈತಿ) ಬ್ಯಾರೆ ಬರೀಬೇಕು. ನಂದು ಡಿಟಿಪಿ, ಝೆರಾಕ್ಸ್, ಸಿಡಿ ರೈಟಿಂಗ್ ಅಂಗಡಿ, ಹದಿನಾಲ್ಕು ವರ್ಷ ಆತು. ಸಿಡಿ ಹೊಡಿಯೂದು ನಿಂತ ಹೋಗತೈತಿ ಅಂತ ವರ್ಷಾ ಅನ್ಕೋತೀನಿ, ನಿಲ್ಲವಲ್ದು.

ಕೆಳಗಿರೂದು ನಾ ಬಿಲ್ ಬುಕ್ಕಿನ ಹಿಂದಿನ ಹಾಳಿ ಮ್ಯಾಲ ಬರಕೊಂಡ ಲೆಕ್ಕ, ಒಂಚೂರು ಬಿಡಿಸಿ ಬರದೀನಿ ಅಷ್ಟ.

ಏಪ್ರಿಲ್ 24. ಸಿಡಿ ವಾಪಸ್ ಬಂತು

ಖಾಯಂ ಬರೂ ವಕೀಲ್ ಸಾಹೇಬ್ರೊಬ್ರು ಬಂದು ಟೇಬಲ್ ಮ್ಯಾಲ ಸಿಡಿ ಇಟ್ರು. "ತಮ್ಮಾ, ನೀ ಹೊಡದ ಕೊಟ್ಟದ್ದು ಅಲ್ಲೆ ಓಪನ್ನ ಆಗ್ಲಿಲ್ಲ ನೋಡು, ಎಲ್ಲಾರ ಮುಂದ ಮುಖಾ ಸಣ್ಣದ ಮಾಡ್ಕೊಂಡ ನಿಂತೆ" ಅಂದ್ರು. "ಇಲ್ರಿ ಸಾಹೇಬ್ರ, ನಾ ಚೆಕ್ ಮಾಡೇ ಕೊಟ್ಟಿದ್ನಿರಿ" ಅಂತ ನಾ ಅಂದ್ನಿ. ಸುಳ್ಳಲ್ಲ, ಚೆಕ್ ಮಾಡಿದ್ನಿ. ಆದ್ರ ನನ್ನ ಚೆಕ್ಕು ಅಂದ್ರ ಏನು, ಫೋಲ್ಡರ್ ತೆಗದು ಫೈಲ್ ಹೆಸ್ರು ಕಾಣಸ್ತಾವು ಅಂತ ನೋಡೂದು, ವಿಡಿಯೋ ಹತ್ತ್ ಸೆಕೆಂಡ್ ಓಡಸೂದು, ಮುಗೀತು. ಅವ್ರ ಮುಂದ ನಮ್ಮ ರೈಟರಿಗೆ ಹಾಕಿ ನೋಡಿದ್ನಿ, ಕುಂಯ್ ಕುಂಯ್ ಅಂತ ತಿರುಗಿ ತಿರುಗಿ ನಿಂತ ಬಿಡ್ತು. ನಮ್ಮಲ್ಲೂ ಓಪನ್ ಆಗವಲ್ದು! ಪುಕ್ಕಟ ಇನ್ನೊಂದ್ ಸಿಡಿ ಹೊಡದ ಕೊಟ್ಟು ಕಳಿಸಿದ್ನಿ, ರೈಟರಿಂದ ಲೆನ್ಸ್ ಹೋಗೈತಿ ಅಂತ ಅವತ್ತ ತೀರ್ಮಾನ ಮಾಡಿಬಿಟ್ನಿ. ಈ ತೀರ್ಮಾನದ ಕತಿ ಮುಂದ ಬರ್ತೈತಿ.

ಏಪ್ರಿಲ್ 25. ಲೆನ್ಸ್ ತೊಳಿಯೂದು, ಮೊದಲ್ನೇ ಹುಚ್ಚಾಟ

ನಾಕ್ ಸ್ಕ್ರೂ ಬಿಚ್ಚಿದ್ರ ಕೆಳಗಿನ ತಗಡು ಬರ್ತೈತಿ, ಟ್ರೇ ಮುಂದಿನ ಸಣ್ಣ ತೂತಿನ್ಯಾಗ ಯು ಪಿನ್ ನೆಟ್ಟಗ ಮಾಡಿ ಚುಚ್ಚಿದ್ರ ಟ್ರೇ ಹೊರಗ ಬರ್ತೈತಿ, ಆಮ್ಯಾಲ ಮ್ಯಾಲಿನ ಕವರ್ ತಗದ್ರ ಲೆನ್ಸ್ ಕಾಣತೈತಿ. ಇಲ್ಲೀತನಾ ಎಲ್ಲಾ ಸರಿ. ಲೆನ್ಸ್ ಒರಸಾಕ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕಂತ ಗೊತ್ತಿತ್ತು, ಆದ್ರ ಅವತ್ತ ಕೈಯಾಗ ಇದ್ದಿಲ್ಲ, ಬಾಜೂ ಬೋರ್ಡ್ ಬರಿಯೂ ಪೇಂಟರ್ ಕಡಿಂದ ಥಿನ್ನರ್ ಇಸಕೊಂಡ ಬಂದು ಇಯರ್ ಬಡ್‌ಲೆ ಒರಸಿದ್ನಿ. ಲೆನ್ಸ್ ಪ್ಲಾಸ್ಟಿಕ್ಕಿಂದು. ಒರಸೂ ಮುಂದ ಚಂದಾಗಿ ಮಿಂಚಿತು, ಎರಡು ನಿಮಿಷಕ್ಕ ಮಂಜ ಕಣ್ಣಾದಂಗ ಬೆಳ್ಳಗಾತು. ಆಮ್ಯಾಲ ಯಾವ ಡಿಸ್ಕೂ ಓದ್ಲಿಲ್ಲ, ಒರಿಜಿನಲ್ ಸಿನಿಮಾ ಡಿವಿಡಿ ಸೈತ ಓದ್ಲಿಲ್ಲ. ಒಂಬತ್ತು ವರ್ಷ ದುಡದ ರೈಟರು ಅಲ್ಲಿಗೆ ಖಲ್ಲಾಸ್. ಅಂಗಡಿ ಹುಡುಗ, "ಅಣ್ಣಾರ, ಪೇಂಟರ್ ಮಾಮಾ ಕೊಡೂ ಮುಂದ ಏನಕ್ಕಂತ ಕೇಳಿದ್ನಲ್ರಿ" ಅಂದ. ಹೌದು ಕೇಳಿದ್ದ. ಬ್ರಷ್ ತೊಳಿಯಾಕ ಅಂತ ಹೇಳಿದ್ನಿ ನಾ.

ಏಪ್ರಿಲ್ 27. ಮುನ್ನೂರಕ್ಕ ಒಂದ್ ರೈಟರ್

ಹೊಸಾ ಸಾಟಾ (ಈಗಿನ ನಮೂನಿ ಪಿನ್ನಿನ) ರೈಟರ್ ಕೇಳಿದ್ರ 1,250 ಹೇಳಿದ್ರು, ಅದೂ ಆರ್ಡರ್ ಮಾಡಿ ನಾಕ್ ದಿನ ಕಾಯಬೇಕು. ಹಳೇ ಕಂಪ್ಯೂಟರ್ ಸಾಮಾನ ಮಾರೂ ಕಾಕಾನ ಕಡೆ ಡಬ್ಬಿ ತುಂಬ ರೈಟರ್ ಬಿದ್ದಿದ್ವು, ಯಾವದಾದ್ರೂ ತಗೋ ಮುನ್ನೂರು ಅಂದ. ಕಂಪನಿ ಹೆಸ್ರು ಬ್ಯಾಡ, 2013ರಾಗ ತಯಾರಾದದ್ದು ಅಂತ ಲೇಬಲ್ ಮ್ಯಾಲ ಐತಿ, ಡಿಸ್ಕಿನ ಎರರ್ ಎಣಸಿ ತೋರ್ಸೂ ಚಿಪ್ ಇದರಾಗ ಇರ್ತೈತಿ ಅಂತ ಗೊತ್ತಿತ್ತು, ಅದಕ್ಕ ಅದನ್ನ ಆರಿಸಿದ್ನಿ. ಗ್ಯಾರಂಟಿ? "ಬಾಗಲಾ ದಾಟೂ ತನಾ" ಅಂದ ಕಾಕಾ.

ಈ ಸಲ ಗಿರಾಕಿ ಕೆಲಸಕ್ಕ ಹಚ್ಚೂ ಮೊದ್ಲ ಪೂರಾ ಪರೀಕ್ಷಾ ಮಾಡೇ ಬಿಡೂದು ಅಂತ ಗಟ್ಟಿ ಮಾಡಿದ್ನಿ. ಪರೀಕ್ಷಾಕ್ಕ ಒಂದ ಸಲ ಬರಿಯೂ ಡಿಸ್ಕ್ ಹಾಕಿದ್ರ ಒಂದೊಂದು ಇಪ್ಪತ್ತು, ಇಪ್ಪತ್ತೆರಡು ರೂಪಾಯಿ ಮಣ್ಣಿಗೆ ಹೋಗತಾವು. ಅದಕ್ಕ ಆರ್‌ಡಬ್ಲ್ಯೂ, ಅಂದ್ರ ಅಳಿಸಿ ಮತ್ತ ಮತ್ತ ಬರಿಯಾಕ ಬರೂ ಡಿಸ್ಕು. ಕಪಾಟ ಹುಡುಕಿದ್ರ ಹಳೇ ಮೋಸರ್ ಬೇಯರ್ ಡಬ್ಬಿಯೊಳಗ ಒಂದು ಸಿಡಿ-ಆರ್‌ಡಬ್ಲ್ಯೂ, 4ರಿಂದ 12ಎಕ್ಸ್ ಅಂತ ಬರದದ್ದು (ಎಕ್ಸ್ ಅಂದ್ರ ಬರಿಯೂ ಸ್ಪೀಡು), ಇನ್ನೊಂದು 2ಎಕ್ಸ್‌ನ ಡಿವಿಡಿ ಮೈನಸ್ ಆರ್‌ಡಬ್ಲ್ಯೂ ಸಿಕ್ಕವು. ಮೋಸರ್ ಬೇಯರ್ ನೆನಪದಾವೇನ್ರಿ, 28 ರೂಪಾಯಿಗೆ ಸಿನಿಮಾ ವಿಸಿಡಿ ಮಾರಿ ಊರೆಲ್ಲಾ ತುಂಬಿಸಿದ್ರು, ಈಗ ಕಂಪನಿನ ಇಲ್ಲ, ಡಬ್ಬಿ ಮಾತ್ರ ನನ್ನ ಕಪಾಟಿನ್ಯಾಗ ಐತಿ. 4ಎಕ್ಸ್ ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ ಎರಡು ಹೊಸಾವು ತರಿಸಿದ್ನಿ, ಒಂದಕ್ಕ 85. ಪ್ಲಸ್, ಮೈನಸ್ ಅಂದ್ರ ಡಿವಿಡಿಯ ಎರಡು ಬ್ಯಾರೆ ಜಾತಿ ಅಷ್ಟ.

ಮಷಿನ್ ಹಳೇದು, ಎರಡು ಕೋರಿಂದು, 4 ಜಿಬಿ ರ್ಯಾಮ್. ಒಂದ ಕಡೆ ಲಿನಕ್ಸ್ ಮಿಂಟ್, ಅದರಾಗ ಡಿಸ್ಕ್ ಬರಿಯೂ ಸಾಫ್ಟ್‌ವೇರ್ ಕೆ3ಬಿ ಹಾಕೀನಿ, ಇನ್ನೊಂದ ಕಡೆ ವಿಂಡೋಸ್ 7, ಅದರಾಗ ಬರಿಯಾಕ ಇಮ್ಗ್‌ಬರ್ನ್ ಮತ್ತ ಡಿಸ್ಕಿನ ಎರರ್ ಎಣಸಾಕ ನೀರೋ ಡಿಸ್ಕ್‌ಸ್ಪೀಡ್. ರೈಟರಿಗೆ ಕರೆಂಟ್ ಕೊಡೂ ಸಾಟಾ ಪಿನ್ ಹಳೇ ಎಸ್‌ಎಮ್‌ಪಿಎಸ್‌ನ್ಯಾಗ (ಮಷಿನ್ನಿಗೆ ಕರೆಂಟ್ ಕೊಡೂ ಡಬ್ಬಿ) ಒಂದ ಇತ್ತು, ಅದು ಹಾರ್ಡ್ ಡಿಸ್ಕಿಗೆ ಹೋಗಿತ್ತು, ಹಂಗಾಗಿ ನಾಕ್ ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಕ್ಕ ತಿರುಗ್ಸೂ ಕನ್ವರ್ಟರ್ ವೈರ್ ಡ್ರಾವರ್‌ದಾಗ ಬಿದ್ದಿತ್ತಲ್ಲ ಅದನ್ನ ಹಚ್ಚಿದ್ನಿ. ಈ ವೈರ್ ನೆನಪಿಟ್ಕೋರ್ರಿ.

ಏಪ್ರಿಲ್ 28. ಸಿಡಿ-ಆರ್‌ಡಬ್ಲ್ಯೂ

ಇದು ಸಲೀಸಾಗಿ ಹೋತು. ಫಾಸ್ಟ್ ಬ್ಲ್ಯಾಂಕ್, ಅಂದ್ರ ಲಗೂನ ಅಳಸೂದು, ಒಂದು ನಿಮಿಷದೊಳಗ ಆತು. 10ಎಕ್ಸ್‌ನ್ಯಾಗ ಪೂರಾ 700 ಎಂಬಿ ಬರಿಯಾಕ 8 ನಿಮಿಷ 52 ಸೆಕೆಂಡು. 80 ನಿಮಿಷದ ಡಿಸ್ಕ್ 10ಎಕ್ಸ್ ಅಂದ್ರ ಲೆಕ್ಕಕ್ಕ 8 ನಿಮಿಷ, ಶುರು ಮಾಡಾಕ ಮುಚ್ಚಾಕ ಮ್ಯಾಲ ಒಂಚೂರು. ಸರಿ ಐತಿ. ಮೂರು ಸಲ ಅಳಿಸಿ ಮೂರು ಸಲ ಬರದ್ನಿ, ಮೂರೂ ಸಲ ವೆರಿಫೈ ಪಾಸ್. 4ಎಕ್ಸ್‌ನ್ಯಾಗ ಫುಲ್ ಬ್ಲ್ಯಾಂಕ್ ಒಂದ ಸಲ ಹಾಕಿದ್ನಿ, ಇಪ್ಪತ್ತು ನಿಮಿಷ ತಗೊಂತು, ಚಾ ಕುಡದ ಬಂದ್ನಿ.

ಏಪ್ರಿಲ್ 29. ಡಿವಿಡಿ ಪ್ಲಸ್ ಆರ್‌ಡಬ್ಲ್ಯೂ, 31 ನಿಮಿಷ!

ಮೊದ್ಲ ಬ್ಲ್ಯಾಂಕ್ ಮಾಡೂ ಬಟನ್ ಹುಡುಕ್ಕೋತ ಕುಂತಿದ್ನಿ. ಪ್ಲಸ್ ಆರ್‌ಡಬ್ಲ್ಯೂಕ್ಕ ಬ್ಲ್ಯಾಂಕ್ ಅನ್ನೂದ ಇಲ್ಲ, ಒಂದ ಸಲ ಫಾರ್ಮ್ಯಾಟ್ ಆದ್ರ ಮುಗೀತು, ಆಮ್ಯಾಲ ಹಳೇದರ ಮ್ಯಾಲ ಸೀದಾ ಬರಕೋತ ಹೋಗಬಹುದು. ಫಾರ್ಮ್ಯಾಟೂ ಒಂದ ನಿಮಿಷದಾಗ ಮುಗದಂಗ ತೋರಿಸಿ ಉಳದದ್ದನ್ನ ಹಿಂದಿನಿಂದ ತಾನ ಮಾಡ್ಕೊತೈತಿ.

ಪೆನ್‌ಡ್ರೈವ್‌ದಾಗಿದ್ದ ಸ್ಕ್ಯಾನ್ ಮಾಡಿದ ಫೋಟೋ, ಪಿಡಿಎಫ್ ಎಲ್ಲಾ ಎಳದು ಕೆ3ಬಿಗೆ ಹಾಕಿದ್ನಿ, 4.5 ಜಿಬಿ, ಸಣ್ಣ ಸಣ್ಣ ಫೈಲು ಹತ್ರ ಹತ್ರ ಒಂಬತ್ತು ಸಾವಿರ. 4ಎಕ್ಸ್ ಅಂದ್ರ ಸೆಕೆಂಡಿಗೆ 5.5 ಎಂಬಿ, ಹದಿನಾಲ್ಕು ಹದಿನೈದು ನಿಮಿಷದಾಗ ಆಗಬೇಕು. ಆದದ್ದು 31 ನಿಮಿಷ 10 ಸೆಕೆಂಡ್. ಬಫರ್ ಪಟ್ಟಿ (ಬರಿಯಾಕ ಎಷ್ಟ ಡೇಟಾ ತಯಾರ್ ಐತಿ ಅಂತ ತೋರ್ಸೂದು) ಜಾತ್ರ್ಯಾಗಿನ ತೊಟ್ಟಿಲಗತೆ ಮ್ಯಾಲ ಕೆಳಗ, ಮ್ಯಾಲ ಕೆಳಗ. ರೈಟರು ಬರದ ನಿಲ್ತಿತ್ತು, ಮತ್ತ ಬರಿತಿತ್ತು. ಕಾಕಾಗ ಫೋನ್ ಹಚ್ಚಿ ನಾಕ್ ಮಾತ ಆಡಿದ್ನಿ. ಆಡಬಾರದಿತ್ತು.

ರಾತ್ರಿ ಊಟಕ್ಕ ಕುಂತಾಗ ಹೊಳೀತು. ಒಂಬತ್ತ್ ಸಾವಿರ ಸಣ್ಣ ಫೈಲು ಹಳೇ ಪೆನ್‌ಡ್ರೈವಿನಿಂದ ಒಂದೊಂದ ಹೆಕ್ಕಿ ತರೂದು ಸೆಕೆಂಡಿಗೆ 5.5 ಎಂಬಿ ಬರ್ತೈತೇನು? ನಾ ರೈಟರ್ ಅಳಿಯಾಕ ಹೋಗಿ ಪೆನ್‌ಡ್ರೈವ್ ಅಳದಿದ್ನಿ. ಮುಂಜಾನೆ ಅದ ಫೈಲು ಹಾರ್ಡ್ ಡಿಸ್ಕಿನ್ಯಾಗ ಒಂದ ಐಎಸ್‌ಓ (ಡಿಸ್ಕಿಗೆ ಹೋಗೂದೆಲ್ಲಾ ಒಂದ ದೊಡ್ಡ ಫೈಲಾಗಿ) ಮಾಡಿ ಬರದ್ನಿ, 14 ನಿಮಿಷ 34 ಸೆಕೆಂಡು, ಬಫರ್ ಅಲಗಾಡಲಿಲ್ಲ. ಕಾಕಾಗ ಮತ್ತ ಫೋನ್ ಮಾಡಿ ತಪ್ಪಾತು ಅಂದ್ನಿ. "ಇರ್ಲಿ ಬಿಡಪಾ, ಮುನ್ನೂರ್ ರೂಪಾಯಿಗೆ ಇಷ್ಟೊಂದ ಫೋನ ಮಾಡೂ ಗಿರಾಕಿ ನೀನ ಒಬ್ಬಾಂವ" ಅಂದ.

ಏಪ್ರಿಲ್ 30. ಹ್ಯಾಶ್ ಹೊಂದವಲ್ದು

ಈಗ ಖರೇ ವೆರಿಫೈ. ಐಎಸ್‌ಓದ ಶಾ-256 ಹ್ಯಾಶ್ ತಗದ್ನಿ, ಡಿಸ್ಕ್ ಪೂರಾ ವಾಪಸ್ ಓದಿಸಿ ಅದರದ್ದೂ ತಗದ್ನಿ. ಎರಡೂ ಬ್ಯಾರೆ ಬ್ಯಾರೆ. ಮತ್ತೊಮ್ಮೆ ಬರದ್ನಿ, ಮತ್ತ ಬ್ಯಾರೆ. ಫೈಲ್ ಒಂದೊಂದ ತಗದು ಹೋಲಿಸಿದ್ರ ಎಲ್ಲಾ ಒಂದ! ಅರ್ಧಾ ದಿನ ಇದರಾಗ ಹೋತು.

ಕಾರಣ ಏನಂದ್ರ ಪ್ಲಸ್ ಆರ್‌ಡಬ್ಲ್ಯೂ ಡಿಸ್ಕ್ ಪೂರಾ ಓದಸಿದ್ರ ಅದು ತನ್ನೆಲ್ಲಾ ಜಾಗಾ ಕೊಡತೈತಿ, 22,95,104 ಬ್ಲಾಕ್. ನನ್ನ ಐಎಸ್‌ಓ ಇದ್ದದ್ದು 21,97,504 ಬ್ಲಾಕ್, ಒಂದೊಂದ ಬ್ಲಾಕ್ 2048 ಬೈಟು. ಉಳದ ಜಾಗಾದಾಗ ಫಾರ್ಮ್ಯಾಟ್ ಮಾಡಿದ್ದು, ಹಿಂದ ಬರದದ್ದು ಏನರ ಇರಲಿ, ಅದೂ ಹ್ಯಾಶಿನ್ಯಾಗ ಸೇರ್ಕೊಂತಿತ್ತು. ಡಿಸ್ಕ್ ಓದಸೂ ಡಿಡಿ ಕಮಾಂಡಿಗೆ ಇಷ್ಟ ಬ್ಲಾಕ್ ಅಂತ ಎಣಿಸಿ ಹೇಳಿದ ಕೂಡ್ಲೆ ಎರಡೂ ಹ್ಯಾಶ್ ಒಂದಾತು. ಇನ್ನೊಂದು, ಬರದ ಮ್ಯಾಲ ಟ್ರೇ ಒಮ್ಮೆ ಹೊರಗ ತಗದು ಒಳಗ ಹಾಕೇ ಓದಸಬೇಕು, ಇಲ್ಲಂದ್ರ ಮಷಿನ್ ತನ್ನ ರ್ಯಾಮ್‌ದಾಗ ಹಿಡಕೊಂಡಿದ್ದ ಹಳೇದನ್ನ ತೋರಸಿ ಮೋಸಾ ಮಾಡೂ ಚಾನ್ಸ್ ಇರ್ತೈತಿ. ಕೆ3ಬಿ ವೆರಿಫೈ ಟಿಕ್ ಮಾಡಿದ್ರ ತಾನ ಹೊರಗ ಒಳಗ ಮಾಡತೈತಿ, ನಾ ಕೈಲೆ ಮಾಡಾಕ ಹೋಗಿ ಅದನ್ನ ಬಿಟ್ಟಿದ್ನಿ.

ಮೇ 1, 2. ಬಿಸಲಿಗೆ ಬೈದದ್ದು

ಒಂದ ಸಲ ಪಾಸಾದ್ರ ನಂಬಬಾರದಂತ ಸಾಲಾಗಿ ಬರಿಯಾಕ ಶುರು ಮಾಡಿದ್ನಿ. ಮಧ್ಯಾಹ್ನ ಎರಡಕ್ಕ ಮೊದಲ್ನೇ ಬರ್ನ್ ಪಾಸ್. ಅದರ ಬೆನ್ನ ಹಿಂದ ಎರಡನೇದು, 14 ನಿಮಿಷ 36 ಸೆಕೆಂಡ್, ಬರಿಯೂ ಮುಂದ ಏನೂ ತಕರಾರಿಲ್ಲ, ವಾಪಸ್ ಓದೂ ಮುಂದ 3.8 ಜಿಬಿ ಹತ್ರ ಬಂದು ಇನ್‌ಪುಟ್ ಔಟ್‌ಪುಟ್ ಎರರ್. ಮೂರನೇದು 3.1 ಜಿಬಿಗೆ ಎರರ್. ಡಿಸ್ಕ್ ಬದಲಿ ಮಾಡಿದ್ನಿ, ಹಂಗ.

ಹೊರಗ ನಲವತ್ತರ ಮ್ಯಾಲ ಬಿಸಲು, ಅಂಗಡ್ಯಾಗ ಗ್ವಾಡಿ ಥರ್ಮಾಮೀಟರ್ 38 ತೋರಸ್ತಿತ್ತು, ತಗಡಿನ ಮಾಳಿಗಿ ಬ್ಯಾರೆ. ಬಾಗಲಕೋಟಿ ಬ್ಯಾಸಗ್ಯಾಗ ಮನಷ್ಯಾನ ನಿಂದ್ರಾಂಗಿಲ್ಲ ಇನ್ನ ಲೇಸರ್ ಎಲ್ಲಿ ನಿಂದರ್ತೈತಿ ಅಂತ ಬಿಸಲಿನ ಮ್ಯಾಲ ಹಾಕಿದ್ನಿ. ಮರುದಿನ ನಸುಕಿನ್ಯಾಗ ಐದೂವರಿಗೆ ಶಟರ್ ತಗದು ಕುಂತ್ನಿ, ವಾಕಿಂಗ್ ಹೋಗವ್ರು ಕಳ್ಳ ಹೊಕ್ಕಾನೇನಂತ ಬಗ್ಗಿ ನೋಡಿ ಹೋದ್ರು. ಒಳಗ 27 ಡಿಗ್ರಿ. ಮೊದಲ್ನೇ ಬರ್ನ್ ಪಾಸ್, ಎರಡನೇದು 3.9 ಜಿಬಿಗೆ ಎರರ್.

ಅಂದ್ರ ಬಿಸಲಿಂದಲ್ಲ. ಮಷಿನ್ ತಣ್ಣಗಿದ್ದಾಗ ಮೊದಲ್ನೇದು ಪಾಸಾಗತೈತಿ, ಓಡಿ ಓಡಿ ಏನೋ ಒಂದು ಕಾಯತೈತಿ, ಆವಾಗ ಬೀಳತೈತಿ. ಕ್ಯಾಬಿನೆಟ್‌ದೊಳಗ ಕೈ ಹಾಕಿ ಒಂದೊಂದ ಮುಟ್ಟಕೋತ ಬಂದ್ನಿ. ರೈಟರ್ ಮೈ ಉಗುರುಬೆಚ್ಚಗ, ಸರಿ. ಆ ಕನ್ವರ್ಟರ್ ವೈರಿನ ಮೋಲೆಕ್ಸ್ ಪಿನ್ ಹತ್ರ ಕೈ ಹೋತು ನೋಡ್ರಿ, ಚುರ್ ಅಂತು.

ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕರಿ ಪಿನ್ ಕರಿ ವೈರಿಗೆ, ಕೆಂಪ ಪಿನ್ ಕೆಂಪ ವೈರಿಗೆ ಹಿಂದಿನಿಂದ ಚುಚ್ಚಿ, ಬರಿಯೂ ಮುಂದ ಅಳದ್ನಿ. ಎಸ್‌ಎಮ್‌ಪಿಎಸ್ ಕಡೆ 4.98. ಅದ ವೈರಿನ ಆ ತುದಿಗೆ, ರೈಟರ್ ಕಡೆ, 4.61. ಐದ ವೋಲ್ಟಿನ ಲೈನಿಗೆ ನೂರಕ್ಕ ಐದು ಹೆಚ್ಚು ಕಮ್ಮಿ ನಡೀತೈತಿ, ಅಂದ್ರ 4.75ಕ್ಕಿಂತ ಕೆಳಗ ಬರಬಾರದು. 12 ವೋಲ್ಟಿನ ಹಳದಿ ವೈರು 11.9, ಅದು ಆರಾಮ ಇತ್ತು. ಕೆಂಪ ವೈರಿನ ಪಿನ್ ಸಡ್ಲಾಗಿ ಕರ್ರಗ ಸುಟ್ಟಂಗಾಗಿತ್ತು. ಹುಡುಗನ್ನ ಕಳಿಸಿ 40 ರೂಪಾಯಿಗೆ ಹೊಸಾ ಕನ್ವರ್ಟರ್ ತರಿಸಿ ಹಚ್ಚಿದ್ನಿ, ರೈಟರ್ ಕಡೆ 4.93 ಬಂತು. ಸಾಲಾಗಿ ಆರ್ ಬರ್ನ್ ಹಾಕಿದ್ನಿ, ಮಧ್ಯಾಹ್ನದ ಬಿಸಲಾಗ, ಆರೂ ಪಾಸ್, ಹ್ಯಾಶ್ ಸಮೇತ.

ವಿಂಡೋಸ್‌ಕ್ಕ ಹೋಗಿ ಡಿಸ್ಕ್‌ಸ್ಪೀಡ್‌ದಾಗ ಸ್ಕ್ಯಾನೂ ಮಾಡಿ ನೋಡಿದ್ನಿ. ಸಡ್ಲ ವೈರಿನ್ಯಾಗ ಬರದ ಡಿಸ್ಕ್ ಒಂದ ಹಂಗ ಎತ್ತಿಟ್ಟಿದ್ನಿ. ಅದರ ಗ್ರಾಫ್ 3 ಜಿಬಿ ತನಾ ಹುಲ್ಲು ಬೆಳದಂಗ ಇದ್ದು ಆಮ್ಯಾಲ ಜ್ವಾಳದ ಬೆಳಿ ಎದ್ದಂಗ ಎದ್ದಿತ್ತು, ಪಿಐ ಎರರ್ (ಓದೂ ಮುಂದ ಸಿಗೂ ಸಣ್ಣ ಸಣ್ಣ ತಪ್ಪಿನ ಎಣಿಕಿ) 280 ದಾಟಬಾರದು, ಇಲ್ಲೆ 900ರ ಮ್ಯಾಲ, ಸ್ಕೋರ್ ಸೊನ್ನಿ. ಹೊಸಾ ವೈರಿನ್ಯಾಗ ಅದ ಡಿಸ್ಕಿನ ಮ್ಯಾಲ ಮತ್ತ ಬರದು ಸ್ಕ್ಯಾನ್ ಮಾಡಿದ್ರ ಹೆಚ್ಚಂದ್ರ 71, ಸ್ಕೋರ್ 92. ಡಿಸ್ಕ್ ಅದ, ರೈಟರ್ ಅದ, ನಡುವಿಂದು ನಲವತ್ತ ರೂಪಾಯಿ ವೈರು. ಬರಿದಾಗ ಎರರ್ ಅಂತ ಒಂದ ಮಾತೂ ಹೇಳದ ಸಕ್ಸೆಸ್ ಅಂತ ಟಿನ್ ಟಿನ್ ಹಾಡಿ ಟ್ರೇ ಹೊರಗ ಹಾಕತಿತ್ತಲ್ಲ, ಅದ ನನಗ ಹೆಚ್ಚ ಸಿಟ್ಟು ತರಿಸಿದ್ದು.

ಮೇ 3. ಆ ಸಿಡಿ

ಇಷ್ಟಾದ ಮ್ಯಾಲ ವಕೀಲ್ ಸಾಹೇಬ್ರ ವಾಪಸ್ ಕೊಟ್ಟ ಸಿಡಿ ಡ್ರಾವರ್‌ದಾಗ ಇತ್ತು, ಈ ಸರಿ ಇದ್ದ ರೈಟರಿಗೆ ಹಾಕಿ ನೋಡಿದ್ನಿ. ಓಪನ್ ಆಗವಲ್ದು. ಹಳೇ ರೈಟರು ಕೆಟ್ಟ ಬರದಿತ್ತು, ಅದಕ್ಕ ಹಿಂಗ ಅಂತ ಪಕ್ಕಾ ಮಾಡ್ಕೊಂಡು, ಸುಮ್ನ ಟ್ಯೂಬ್ ಲೈಟಿಗೆ ಹಿಡದ್ನಿ.

ನಡುವಿನ ತೂತಿನ ಸುತ್ತ, ಬೆಳ್ಳಿ ಬಣ್ಣ ಶುರು ಆಗೂ ಕಡೆ, ಬೆಳಕು ಅಕ್ಷರ ಅಕ್ಷರವಾಗಿ ಈ ಕಡೆ ಬರ್ತಿತ್ತು. ಓದಾಕ ಬರ್ತಿತ್ತು. ಕೇಸ್ ನಂಬರ್. ನನ್ನ ಅಕ್ಷರ.

ಮಾರ್ಕರ್ ಪೆನ್ ಒಣಗಿತ್ತು ಅವತ್ತ, ಬಾಲ್ ಪೆನ್‌ಲೆ ಒತ್ತಿ ಒತ್ತಿ ಬರದಿದ್ನಿ, ಅದೂ ಒಳಗಿನ ಅಂಚಿಗೆ, ಚಂದ ಕಾಣಲಿ ಅಂತ. ಸಿಡಿಯೊಳಗ ಡೇಟಾ ಇರೂದು ಕೆಳಗಲ್ರಿ, ಮ್ಯಾಲಿನ ಲೇಬಲ್ ಬದಿಯ ವಾರ್ನಿಶ್ ಕೆಳಗ, ಕೂದಲೆಳಿ ದಪ್ಪ ಸೈತ ಇಲ್ಲ. ಕೆಳಗಿನ ಬದಿ ಗೀರು ಬಿದ್ರ ಕೆಲವೊಮ್ಮೆ ನಡೀತೈತಿ, ಮ್ಯಾಲ ಗೀರಿದ್ರ ಡೇಟಾನ ಕಿತ್ತ ಬರ್ತೈತಿ. ಸಿಡಿ ಬರಿಯೂದು ಒಳಗಿನಿಂದ ಹೊರಗ, ಡಿಸ್ಕಿನ ಪಟ್ಟಿ, ಫೈಲ್ ಎಲ್ಲೆಲ್ಲಿ ಅದಾವು ಅನ್ನೂದು ಎಲ್ಲಾ ಒಳಗಿನ ಅಂಚಿನ್ಯಾಗ ಇರ್ತೈತಿ, ಸರಿಯಾಗಿ ಅಲ್ಲೇ ನಾ ಪೆನ್ ಊರಿದ್ನಿ. ಚೆಕ್ ಮಾಡಿದ್ದು ನಂಬರ್ ಬರಿಯೂಕಿಂತ ಮೊದ್ಲ, ಹಂಗಾಗಿ ನನ್ನ ಮುಂದ ಓಪನ್ ಆಗಿತ್ತು.

ಅಂದ್ರ ಹಳೇ ರೈಟರ್ ತಪ್ಪು ಏನೂ ಇದ್ದಿಲ್ಲ. ಏನೂ ತಪ್ಪಿಲ್ಲದ್ದನ್ನ ಬಿಚ್ಚಿ ಥಿನ್ನರ್ ಕುಡಿಸಿ ಕೊಂದಿದ್ನಿ. ಒಂಬತ್ತು ವರ್ಷ! ಅವತ್ತ ಮಧ್ಯಾಹ್ನ ಮತ್ತೇನೂ ಟೆಸ್ಟ್ ಮಾಡ್ಲಿಲ್ಲ. ಹುಡುಗಗ ಹೇಳ್ಲೂ ಇಲ್ಲ, ಇದನ್ನ ಓದಿದ್ರ ಗೊತ್ತಾಗತೈತಿ ಅವಗ. 45 ರೂಪಾಯಿ ಕೊಟ್ಟು ಸಿಡಿ ಮಾರ್ಕರ್ ತಂದ್ನಿ, ಮೆತ್ತನ ತುದಿದು, ಈಗ ಅದನ್ನ ದಾರದಾಗ ಕಟ್ಟಿ ರೈಟರ್ ಬಾಜೂ ತೂಗ ಹಾಕೀನಿ. ಕೇಸ್ ನಂಬರಿನ ಕಾಗದದ ಸ್ಟಿಕ್ಕರ್ ಅಂಟಸೂದೂ ಬಂದ್, ಡಿವಿಡಿ ಜೋರ ತಿರುಗೂ ಮುಂದ ಅದು ತೂಕಾ ಒಂದ ಕಡೆ ಜಗ್ಗತೈತಿ.

ಮೇ 4. ಮೈನಸ್ ಆರ್‌ಡಬ್ಲ್ಯೂ, ಮತ್ತ ಕರೆಂಟ್ ಹೋತು

2ಎಕ್ಸ್ ಡಿಸ್ಕ್, 28 ನಿಮಿಷ 20 ಸೆಕೆಂಡ್, ವೆರಿಫೈ ಪಾಸ್. ಮೈನಸ್‌ನ್ಯಾಗ ಒಂದ ಅನುಕೂಲ ಐತಿ, ಲೇಸರ್ ಹಚ್ಚದ ಸುಮ್ನ ನಾಟಕ ಮಾಡಿ ನೋಡೂ ಟೆಸ್ಟ್ ಮೋಡ್ ನಡೀತೈತಿ, ಪ್ಲಸ್‌ನ್ಯಾಗ ಅದು ಇಲ್ಲ, ಪ್ಲಸ್‌ದಾಗ ಹುಡುಕಿ ಹುಡುಕಿ ನಾ ಸುಸ್ತಾಗಿದ್ನಿ.

ಆಮ್ಯಾಲ ಪ್ಲಸ್ ಡಿಸ್ಕ್ ಹಾಕಿ ಮತ್ತೊಂದ ಸುತ್ತು ನಡಸೂ ಮುಂದ ಬರಾಬ್ಬರಿ ಅರ್ಧಕ್ಕ ಕರೆಂಟ್ ಹೋತು. ಯುಪಿಎಸ್ ಕುಂಯ್ ಅಂದು ಐದ ಸೆಕೆಂಡಿಗೆ ಮಲಗ್ತು, ಬ್ಯಾಟರಿ ಹೋಗಿ ವರ್ಷಾತು. ಕರೆಂಟ್ ಬಂದ ಮ್ಯಾಲ ಡಿಸ್ಕ್ ಹಾಕಿದ್ರ ಮಷಿನ್ ಅದನ್ನ ಗುರುತ ಹಿಡೀವಲ್ದು, ಕೆ3ಬಿ ಖಾಲಿ ಅಂತಿಲ್ಲ, ತುಂಬೈತಿ ಅಂತಿಲ್ಲ. 85 ರೂಪಾಯಿ ಹೋತು ಅಂತ ಬಿಟ್ಟಿದ್ನಿ, ಆದ್ರ ಪ್ಲಸ್‌ಕ್ಕ ಫೋರ್ಸ್ ಹಾಕಿ ಹೊಸದಾಗಿ ಫಾರ್ಮ್ಯಾಟ್ ಮಾಡಸಿದ್ನಿ, ಎದ್ದು ಕುಂತು. ಮುಂದಿನ ಬರ್ನ್ ಪಾಸ್. ಒಂದ ಸಲ ಬರಿಯೂ ಡಿಸ್ಕಾಗಿದ್ರ ಹೊಲದಾಗ ಹಕ್ಕಿ ಓಡಸಾಕ ದಾರಕ್ಕ ಕಟ್ಟೂದ ಉಳೀತಿತ್ತು.

ಮೇ 5, 6. ಆರ್‌ಡಬ್ಲ್ಯೂ ಹೇಳದ ಮಾತು

ಇಲ್ಲೀತನಾ ಇಪ್ಪತ್ತಕ್ಕ ಹತ್ರ ಬರ್ನ್ ಆಗಿದ್ವು, ರೈಟರ್ ಪಾಸ್ ಅಂತ ಬೀಗಿದ್ನಿ. ಗಿರಾಕಿ ಕೆಲಸಕ್ಕ ಡಿವಿಡಿ-ಆರ್, ಅಂದ್ರ ಒಂದ ಸಲ ಬರಿಯೂ ಡಿಸ್ಕ್ ಹಾಕಿ, ಸ್ಪೀಡ್ 16ಎಕ್ಸ್ ಒತ್ತಿದ್ನಿ. ಐದೂ ಮುಕ್ಕಾಲು ನಿಮಿಷದಾಗ ಮುಗೀತು, ಕಡೀಕ ಅಂಗಡಿ ಟೇಬಲ್ ಸೈತ ಗಿಂವ್ ಅಂತ ನಡುಗ್ತು. ವೆರಿಫೈ 4.1 ಜಿಬಿಗೆ ಫೇಲ್. ಇನ್ನೊಂದು, ಫೇಲ್. ಹೊಸಾ ವೈರು, ವೋಲ್ಟ್ 4.92, ಎಲ್ಲಾ ಸರಿ ಇದ್ದೂ ಫೇಲ್.

ಆರ್‌ಡಬ್ಲ್ಯೂಕ್ಕ ಹೆಚ್ಚಂದ್ರ ನಾ ಕೊಟ್ಟದ್ದು 4ಎಕ್ಸ್. ಅದರಾಗ ಮೋಟರ್ ಒಳಗಿನ ಅಂಚಿನ್ಯಾಗ ನಿಮಿಷಕ್ಕ ಐದೂವರಿ ಸಾವಿರ ಸುತ್ತು ಸುತ್ತಿ, ಹೊರಗ ಹೋದಂಗ ನಿಧಾನ ಆಗಿ ಎರಡು ಸಾವಿರದ ಮುನ್ನೂರಕ್ಕ ಇಳೀತೈತಿ. 16ಎಕ್ಸ್ ಅಂದ್ರ ಒಂಬತ್ತು ಸಾವಿರದ ಮ್ಯಾಲ ಸುತ್ತು, ಕಡೀತನಾ ಇಳಿಯೂದ ಇಲ್ಲ. ಎತ್ತಿನ ಗಾಡಿ ರಸ್ತೇದಾಗ ಓಡಸಿ ನೋಡಿ ಬೈಪಾಸಿಗೆ ಫಿಟ್ ಅಂತ ಸರ್ಟಿಫಿಕೇಟ್ ಕೊಟ್ಟಂಗಾಗಿತ್ತು ನನ್ನ ಪರೀಕ್ಷಾ. ವೈರ್, ಮಷಿನ್, ಸಾಫ್ಟ್‌ವೇರ್, ನನ್ನ ಪದ್ಧತಿ, ಇವುಗಳ ತಪ್ಪು ಹಿಡಿಯಾಕ ಆರ್‌ಡಬ್ಲ್ಯೂ ಚಲೋ, ಮೋಟರಿನ ವಯಸ್ಸು ಅದಕ್ಕ ಕಾಣಂಗಿಲ್ಲ.

ರೈಟರ್ ಬಿಚ್ಚಲಿಲ್ಲ ಈ ಸಲ, ಕೈ ಕಟ್ಟಿ ಕುಂತ್ನಿ. ಐಸೋಪ್ರೊಪೈಲ್ 90 ರೂಪಾಯಿ ಕೊಟ್ಟು ತಂದದ್ದು ಹಂಗ ಸೀಲ್ ಐತಿ. ಕ್ಯಾಬಿನೆಟ್‌ಕ್ಕ ಎರಡ ಸ್ಕ್ರೂ ಮಾತ್ರ ಹಾಕಿದ್ನಿ ರೈಟರಿಗೆ, ನಾಕೂ ಹಾಕಿ ಬಿಗಿ ಮಾಡಿದ ಮ್ಯಾಲ ನಡುಗೂದು ಕಮ್ಮಿ ಆತು, ಮೂರನೇ ಡಿಸ್ಕ್ 16ಎಕ್ಸ್‌ದಾಗ ಹಾಕಿದ್ನಿ, 4.3 ಜಿಬಿ ತನಾ ಬಂದು ಬಿತ್ತು. ಸಾಕು. 8ಎಕ್ಸ್‌ಕ್ಕ ಇಳಿಸಿದ್ನಿ, ಎಂಟೂವರಿ ನಿಮಿಷ, ನಾಕ್ ಡಿಸ್ಕ್ ಗಿರಾಕಿಗೆ ಹೊಡದ್ನಿ, ನಾಕೂ ಹ್ಯಾಶ್ ಹೊಂದಿದ್ವು. ಮೂರು ನಿಮಿಷ ಉಳಸಾಕ ಹೋಗಿ ಮತ್ತ ಯಾರ ಕಡಿಂದರ ಬೈಸ್ಕೊಳ್ಳೂದು ಯಾಕ. ಟ್ರೇ ಮುಂದಿನ ಪಟ್ಟಿ ಮ್ಯಾಲ ಹೊಸಾ ಮಾರ್ಕರ್‌ಲೆ ದೊಡ್ಡದಾಗಿ 8 ಅಂತ ಬರದೀನಿ, ಹುಡುಗ ಮರೀಬಾರದಂತ.

ಖರ್ಚು ಕೇಳವ್ರಿಗೆ: ರೈಟರ್ 300, ಪ್ಲಸ್ ಆರ್‌ಡಬ್ಲ್ಯೂ ಎರಡು 170, ಕನ್ವರ್ಟರ್ 40, ಐಸೋಪ್ರೊಪೈಲ್ 90, ಮಾರ್ಕರ್ 45, ಸತ್ತ ಡಿವಿಡಿ-ಆರ್ ಮೂರು 66, ಒಟ್ಟು 711. ಹಳೇದನ್ನ ಮುಟ್ಟದಿದ್ರ ಮಾರ್ಕರಿನ 45ರಾಗ ಮುಗೀತಿತ್ತು.

ಆರ್‌ಡಬ್ಲ್ಯೂ ಡಿಸ್ಕ್ ಈಗ ಕೋರ್ಟಿಗೆ ಕೊಡಾಕ ಅಲ್ಲ, ಅಳಿಸಿ ಬರಿಯಾಕ ಬರೂದನ್ನ ಯಾರ ನಂಬತಾರ, ಹಳೇ ಮಷಿನ್‌ದಾಗ ಓದೂದೂ ಕಷ್ಟ, ಹೊಳಪು ಕಮ್ಮಿ ಇರ್ತೈತಿ ಅದರದ್ದು. ಸೋಮವಾರಕ್ಕೊಮ್ಮೆ ಮುಂಜಾನೆ ಅಂಗಡಿ ತಗದ ಕೂಡ್ಲೆ ಬೆನ್ನಿಗೆ ಬೆನ್ನ ಎರಡು ಬರ್ನ್ ಹಾಕಿ ಹ್ಯಾಶ್ ನೋಡ್ತೀನಿ, ಎರಡನೇದು ಬೀಳಂಗಿಲ್ಲಂದ್ರ ಆ ವಾರ ನಡೀತೈತಿ. ಸಾವಿರ ಸಲ ಬರೀಬಹುದು ಅಂತಾರ ಒಂದ ಡಿಸ್ಕಿನ ಮ್ಯಾಲ, ನಂದು ಇಪ್ಪತ್ತಾರಕ್ಕ ಬಂದೈತಿ. ಯುಪಿಎಸ್ ಬ್ಯಾಟರಿ ಇನ್ನೂ ತಂದಿಲ್ಲ, 900 ಹೇಳ್ಯಾರ.